ಆಟದ ಬಾಹ್ಯಾಕಾಶ ಯುದ್ಧನೌಕೆ ಕಟ್ಟುವುದು ಹೇಗೆ: ಮೊದಲು ಬಿಸಿಗೆ ದಾರಿ, ಆಮೇಲೆ ಲೇಸರ್

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಲ್ಯಾಪ್‌ಟಾಪ್ ಆಟದ ನಡುವೆಯೇ ಆಫ್ ಆಯಿತು. ಬಳ್ಳಾರಿಯ ಬಿಸಿಲು, ಸಾಲದ್ದಕ್ಕೆ ಕರೆಂಟ್ ಕೂಡ ಇರಲಿಲ್ಲ. ಸಂಜೆ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಹಿಂದಿನ ಮುಚ್ಚಳ ಬಿಚ್ಚಿ, ಸಣ್ಣ ಬ್ರಷ್ಷಿನಿಂದ ಫ್ಯಾನ್ ಉಜ್ಜಿದ. ಕೆಳಗೆ ಹಾಸಿದ್ದ ಬಿಳಿ ಹಾಳೆಯ ಮೇಲೆ ಅದಿರಿನ ಕೆಂಪು ಧೂಳು ಕುಂಕುಮದ ಹಾಗೆ ಉದುರಿತು. "ಮಷೀನಿಗೆ ಏನೂ ಆಗಿಲ್ಲ ಸರ್. ಬಿಸಿ ಹೊರಗೆ ಹೋಗೋಕೆ ದಾರಿ ಇರ್ಲಿಲ್ಲ, ಅಷ್ಟೇ" ಎಂದ.

ಮನೆಗೆ ಬಂದು ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ನಾನು ಆಗ ಆಡುತ್ತಿದ್ದದ್ದು ಬಾಹ್ಯಾಕಾಶ ಯುದ್ಧದ ಸಿಮ್ಯುಲೇಶನ್ ಆಟ. ನೌಕೆ ನಾನೇ ಕಟ್ಟಿದ್ದು. ಅದರಲ್ಲಿ ಆರು ಲೇಸರ್ ಇಟ್ಟಿದ್ದೆ. ಬಿಸಿ ಹೊರಗೆ ಹೋಗಲು ಒಂದೂ ದಾರಿ ಇಟ್ಟಿರಲಿಲ್ಲ.

ಈ ಲೇಖನ ಅಂಥ ನೌಕೆ ಕಟ್ಟುವವರಿಗೆ. ನೀವು ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಅಥವಾ ಚಿಲ್ಡ್ರನ್ ಆಫ್ ಎ ಡೆಡ್ ಅರ್ತ್ ಥರದ ಆಟ ಆಡುವವರಿರಬಹುದು, ಗೋಡೋ ಎಂಬ ಆಟ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಸ್ವಂತ ಆಟ ಬರೆಯುತ್ತಿರುವವರಿರಬಹುದು. ಪಿಯುಸಿ ಫಿಸಿಕ್ಸ್, ಒಂದು ನೋಟ್‌ಬುಕ್, ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿಕೊಂಡರೂ ನಡೆಯುತ್ತದೆ. ಒಂದೇ ನೌಕೆಯನ್ನು ಹಿಡಿದು ಮೊದಲಿನಿಂದ ಕಟ್ಟುತ್ತಾ ಹೋಗೋಣ. ಕೊಪ್ಪಳದಿಂದ ರಜೆಗೆ ಬಂದಿದ್ದ ಅಕ್ಕನ ಮಗಳ ಜೊತೆ ನಾನು ಕಟ್ಟಿದ್ದು ಇದೇ ನೌಕೆ.

1. ಯುದ್ಧ ಎಲ್ಲಿ ಅಂತ ಮೊದಲು ಬರೆಯಿರಿ

ನೆಲದ ಮೇಲೆ ದೂರವನ್ನು ಕಿಲೋಮೀಟರ್‌ನಲ್ಲಿ ಎಣಿಸುತ್ತೇವೆ. ಬಾಹ್ಯಾಕಾಶದಲ್ಲಿ ವೇಗದ ಬದಲಾವಣೆಯನ್ನು ಎಣಿಸಬೇಕು. ಅಲ್ಲಿ ತಡೆಯುವ ಗಾಳಿ ಇಲ್ಲ, ಉಜ್ಜುವ ರಸ್ತೆ ಇಲ್ಲ. ಹೊರಟ ನೌಕೆ ಸುಮ್ನೆ ಹೋಗುತ್ತಲೇ ಇರುತ್ತದೆ. ವೇಗ ಹೆಚ್ಚಿಸುವಾಗ, ಇಳಿಸುವಾಗ, ದಿಕ್ಕು ಬದಲಿಸುವಾಗ ಮಾತ್ರ ಇಂಧನ ಖರ್ಚು. ಈ ಬದಲಾವಣೆಗಳ ಒಟ್ಟು ಲೆಕ್ಕವೇ ಡೆಲ್ಟಾ-ವಿ.

ನಮ್ಮ ನೌಕೆ ಭೂಮಿಯಿಂದ 400 ಕಿ.ಮೀ. ಎತ್ತರದ ಕಕ್ಷೆಯಲ್ಲಿ ಹುಟ್ಟುತ್ತದೆ. ಚಂದ್ರನ ಕಡೆ ಹೊರಡಲು ಸೆಕೆಂಡಿಗೆ ಸುಮಾರು 3.1 ಕಿ.ಮೀ., ಅಲ್ಲಿ ಕಕ್ಷೆಗೆ ಸೇರಲು ಸುಮಾರು 0.9 ಬೇಕು. ಅಂದರೆ ಹೋಗಲು 4. ಭೂಮಿಯ ಗಾಳಿಗೆ ಮೈ ಉಜ್ಜಿ ವೇಗ ಇಳಿಸದೆ ಅದೇ ಕಕ್ಷೆಗೆ ಮರಳಲು ಇನ್ನೊಂದು 4. ಕಾದಾಟಕ್ಕೆ, ತಪ್ಪಿಸಿಕೊಳ್ಳಲು 1. ಒಟ್ಟು 9. ಈ ಸಂಖ್ಯೆಯನ್ನು ಹಾಳೆಯ ತಲೆಯಲ್ಲಿ ದಪ್ಪಗೆ ಬರೆಯಿರಿ. ಆಟ ಶುರುವಾದ ಮೇಲೆ ಇದನ್ನು ಹಿಗ್ಗಿಸಲು ಬರುವುದಿಲ್ಲ.

2. ಟ್ಯಾಂಕ್ ಎಷ್ಟು ದೊಡ್ಡದು?

ಸಂಡೂರಿನಿಂದ ಅದಿರು ಹೇರಿಕೊಂಡು ಹೊರಟ ಲಾರಿ ದಾರಿಯಲ್ಲಿ ಡೀಸೆಲ್ ಹಾಕಿಸಿಕೊಳ್ಳುತ್ತದೆ. ನೌಕೆಗೆ ಬಂಕ್ ಇಲ್ಲ. ಕೊನೆಯ ಹನಿ ಇಂಧನವನ್ನೂ ಮೊದಲ ದಿನದಿಂದ ಹೊತ್ತಿರಬೇಕು, ಆ ಹೊರೆಯನ್ನು ತಳ್ಳಲು ಮತ್ತಷ್ಟು ಇಂಧನ ಬೇಕು. ರಷ್ಯಾದ ಶಾಲಾ ಮೇಷ್ಟ್ರು ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಲೆಕ್ಕ ಇದೇ. ಮಾಡುವುದು ಸುಲಭ. ಡೆಲ್ಟಾ-ವಿಯನ್ನು ಎಂಜಿನ್ನಿನಿಂದ ಹೊರಬೀಳುವ ಅನಿಲದ ವೇಗದಿಂದ ಭಾಗಿಸಿ. ಬಂದ ಸಂಖ್ಯೆಗೆ ಕ್ಯಾಲ್ಕುಲೇಟರಿನ 'ಇ ಘಾತ ಎಕ್ಸ್' ಗುಂಡಿ ಒತ್ತಿ. ಇಂಧನ ತುಂಬಿದ ನೌಕೆ ಖಾಲಿ ನೌಕೆಯ ಎಷ್ಟು ಪಟ್ಟು ತೂಗುತ್ತದೆ ಅಂತ ಗೊತ್ತಾಗುತ್ತದೆ.

ನಮ್ಮ ಖಾಲಿ ನೌಕೆ 40 ಟನ್ ಇರಲಿ. ಹೈಡ್ರೋಜನ್-ಆಕ್ಸಿಜನ್ ಸುಡುವ ಎಂಜಿನ್ನಿನಲ್ಲಿ ಅನಿಲದ ವೇಗ ಸೆಕೆಂಡಿಗೆ ಸುಮಾರು 4.4 ಕಿ.ಮೀ. ಲೆಕ್ಕ 7.7 ಪಟ್ಟು ಬರುತ್ತದೆ. ತುಂಬಿದ ತೂಕ ಸುಮಾರು 310 ಟನ್. ಪರಮಾಣು ರಿಯಾಕ್ಟರ್‌ನಲ್ಲಿ ಹೈಡ್ರೋಜನ್ ಕಾಯಿಸಿ ಹೊರಬಿಡುವ ನ್ಯೂಕ್ಲಿಯರ್ ಥರ್ಮಲ್ ಎಂಜಿನ್ನಿಗೆ ಆ ವೇಗ ಸುಮಾರು 8.3. ಆಗ ಮೂರು ಪಟ್ಟಿಗೂ ಸ್ವಲ್ಪ ಕಡಿಮೆ, 118 ಟನ್. ಇದು ಕಲ್ಪನೆಯ ಎಂಜಿನ್ ಏನಲ್ಲ. ಅಮೆರಿಕದವರು ನರ್ವಾ ಎಂಬ ಯೋಜನೆಯಲ್ಲಿ ಇಂಥ ಎಂಜಿನ್ನುಗಳನ್ನು ನೆಲದ ಮೇಲೆ ಉರಿಸಿ ನೋಡಿದ್ದರು. 1973ರಲ್ಲಿ ಯೋಜನೆ ನಿಂತಿತು, ಎಂಜಿನ್ ಹಾರಲಿಲ್ಲ. ನಾವು ಇದನ್ನೇ ಆರಿಸಿಕೊಳ್ಳೋಣ.

ವಿದ್ಯುತ್ ಬಲದಿಂದ ಕಣಗಳನ್ನು ಹೊರದೂಡುವ ಅಯಾನ್ ಎಂಜಿನ್ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಅದರ ಅನಿಲದ ವೇಗ ಸೆಕೆಂಡಿಗೆ 30 ಕಿ.ಮೀ. ಇದೆ ನಿಜ. ಆದರೆ ನಾಸಾದ ಡಾನ್ ನೌಕೆಯ ಅಯಾನ್ ಎಂಜಿನ್ನಿನ ತಳ್ಳುಬಲ ಎರಡು ಹಾಳೆ ಕಾಗದದ ತೂಕದಷ್ಟು. ವರ್ಷಗಟ್ಟಲೆ ಪ್ರಯಾಣಕ್ಕೆ ಅದು ಸರಿ, ಯುದ್ಧಕ್ಕೆ ಆಗುವುದಿಲ್ಲ.

ಈಗ ಟ್ಯಾಂಕ್. 78 ಟನ್ ದ್ರವ ಹೈಡ್ರೋಜನ್ ಬೇಕು. ಒಂದು ಘನ ಮೀಟರ್ ದ್ರವ ಹೈಡ್ರೋಜನ್ ತೂಗುವುದು ಸುಮಾರು 70 ಕೆ.ಜಿ. ಮಾತ್ರ. ಹಾಗಾಗಿ 1,100 ಘನ ಮೀಟರ್ ಜಾಗ ಬೇಕು. ನಮ್ಮ ಬೀದಿಗೆ ಬೇಸಿಗೆಯಲ್ಲಿ ಬರುವ 12 ಸಾವಿರ ಲೀಟರಿನ ನೀರಿನ ಟ್ಯಾಂಕರ್‌ಗಳು 90ಕ್ಕೂ ಜಾಸ್ತಿ ಬೇಕಾದೀತು. 8 ಮೀಟರ್ ಅಗಲ, 22 ಮೀಟರ್ ಉದ್ದದ ಡ್ರಮ್ಮು. ಚಿತ್ರ ಬರೆಯುವಾಗ ಮೊದಲು ಇದನ್ನೇ ಬರೆಯಿರಿ. ಉಳಿದದ್ದೆಲ್ಲಾ ಇದರ ಎರಡು ತುದಿಗೆ ಅಂಟಿಕೊಳ್ಳುತ್ತದೆ. ಇದೇನು ಬರೀ ಟ್ಯಾಂಕ್ ಅಂತ ಅನ್ನಿಸಿದರೆ ಚಂದ್ರಯಾನ-3 ನೆನಪಿಸಿಕೊಳ್ಳಿ. ಅದನ್ನು ಚಂದ್ರನ ಕಡೆ ತಳ್ಳಿದ ಭಾಗ, ಅಂದರೆ ಪ್ರೊಪಲ್ಷನ್ ಮಾಡ್ಯೂಲ್, 2,148 ಕೆ.ಜಿ., ಅದರಲ್ಲಿ 1,696 ಕೆ.ಜಿ. ಇಂಧನವೇ.

3. ಬಿಸಿ

ಇಲ್ಲಿ ನಿಧಾನ ಮಾಡಿ. ಹೆಚ್ಚಿನ ಆಟಗಾರರು ಎಡವುವುದು ಇಲ್ಲೇ.

"ಮಾಮಾ, ಬಾಹ್ಯಾಕಾಶ ತಣ್ಣಗಿರುತ್ತಲ್ವಾ? ಅಲ್ಲಿ ಬಿಸಿ ಯಾಕೆ ಉಳಿಯುತ್ತೆ?" ಅಂತ ಅಕ್ಕನ ಮಗಳು ಕೇಳಿದಳು.

"ಫ್ಲಾಸ್ಕಿನಲ್ಲಿ ಚಹಾ ಯಾಕೆ ಬಿಸಿ ಉಳಿಯುತ್ತೆ ಹೇಳಮ್ಮಾ" ಎಂದೆ.

ಒಂದು ಕ್ಷಣ ಯೋಚಿಸಿ, "ನಡುವೆ ಗಾಳಿ ಇಲ್ಲ ಅದಕ್ಕೆ" ಎಂದಳು. ಅಷ್ಟೇ ವಿಷಯ. ನೌಕೆ ಒಂದು ದೊಡ್ಡ ಫ್ಲಾಸ್ಕು. ಬೀಸಿ ಆರಿಸಲು ಗಾಳಿ ಇಲ್ಲ. ಉಳಿದ ದಾರಿ ಒಂದೇ, ಝಳ.

ಆ ಸಂಜೆ ಏಳೂವರೆಗೆ ಅವಳನ್ನು ಮಾಳಿಗೆಗೆ ಕರೆದುಕೊಂಡು ಹೋದೆ. ಮೆಟ್ಟಿಲ ಕೋಣೆಯ ಪಡುವಣ ಗೋಡೆ ಮಧ್ಯಾಹ್ನವೆಲ್ಲಾ ಕಾದಿತ್ತು. ಕಣ್ಣು ಮುಚ್ಚಿಕೊಂಡು, ಗೋಡೆ ಮುಟ್ಟದೆ, ಒಂದು ಗೇಣು ದೂರದಲ್ಲಿ ಅಂಗೈ ಹಿಡಿ ಎಂದೆ. ಗೋಡೆ ಎಲ್ಲಿ ಮುಗಿಯುತ್ತದೆ ಅಂತ ಅಂಗೈಗೇ ಗೊತ್ತಾಗುತ್ತಿತ್ತು. ನಡುವೆ ಒಂದು ರಟ್ಟು ಅಡ್ಡ ಹಿಡಿದೆ. ಝಳ ತಟ್ಟನೆ ನಿಂತಿತು. ರಟ್ಟು ತೆಗೆದೆ, ಮತ್ತೆ ಬಂತು. ಕೋಟೆ ಕಡೆ ಮನೆ ಇರುವವರಿಗೆ ಇದನ್ನು ತೋರಿಸಬೇಕಾಗಿಲ್ಲ. ಬಳ್ಳಾರಿ ಗುಡ್ಡದ ಬಂಡೆ ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಬಹಳ ಹೊತ್ತಿನವರೆಗೆ ಅದನ್ನೇ ಉಗುಳುತ್ತಿರುತ್ತದೆ.

50 ಡಿಗ್ರಿ ಕಾದ ಗೋಡೆ ಒಂದು ಚದರ ಮೀಟರಿಗೆ ಸುಮಾರು 600 ವ್ಯಾಟ್ ಝಳ ಹೊರಹಾಕುತ್ತದೆ. ಲೆಕ್ಕ ಹೀಗೆ: ಬಿಸಿಯನ್ನು ಕೆಲ್ವಿನ್‌ಗೆ ತನ್ನಿ, ಅಂದರೆ ಡಿಗ್ರಿ ಸೆಲ್ಸಿಯಸ್‌ಗೆ 273 ಕೂಡಿಸಿ. ಅದನ್ನು ನಾಲ್ಕನೇ ಘಾತಕ್ಕೆ ಏರಿಸಿ, ಅಂದರೆ ಅದೇ ಸಂಖ್ಯೆಯನ್ನು ನಾಲ್ಕು ಸಲ ಬರೆದು ಗುಣಿಸಿ. ಬಂದದ್ದನ್ನು 0.0000000567ರಿಂದ ಗುಣಿಸಿ. ಇದು ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮ. ನಾಲ್ಕನೇ ಘಾತ ಅನ್ನುವುದು ನಿಮ್ಮ ವಿನ್ಯಾಸದ ಹಣೆಬರಹವನ್ನೇ ಬರೆಯುತ್ತದೆ. ರೇಡಿಯೇಟರ್, ಅಂದರೆ ಝಳ ಹೊರಬಿಡುವ ಹಲಗೆ, ಕೆಲ್ವಿನ್ ಲೆಕ್ಕದಲ್ಲಿ ಎರಡು ಪಟ್ಟು ಬಿಸಿಯಾದರೆ ಅದೇ ಅಳತೆಯ ಹಲಗೆ 16 ಪಟ್ಟು ಬಿಸಿ ಹೊರಹಾಕುತ್ತದೆ.

ಈಗ ನಮ್ಮ ನೌಕೆಗೆ ಒಂದು ಲೇಸರ್ ಇಡೋಣ. ಕಿರಣದ ಶಕ್ತಿ 1 ಮೆಗಾವ್ಯಾಟ್. ಲೇಸರಿನ ದಕ್ಷತೆ ನೂರಕ್ಕೆ 25 ಅಂದುಕೊಂಡರೆ 4 ಮೆಗಾವ್ಯಾಟ್ ಕರೆಂಟ್ ಬೇಕು. ಅದರಲ್ಲಿ 3 ಮೆಗಾವ್ಯಾಟ್ ಲೇಸರಿನಲ್ಲೇ ಬಿಸಿಯಾಗಿ ಉಳಿಯುತ್ತದೆ. 4 ಮೆಗಾವ್ಯಾಟ್ ಕರೆಂಟ್ ಕೊಡುವ ರಿಯಾಕ್ಟರಿಗೂ ದಕ್ಷತೆ 25 ಅಂತಲೇ ಹಿಡಿದರೆ, ಅದು 16 ಮೆಗಾವ್ಯಾಟ್ ಬಿಸಿ ಹುಟ್ಟಿಸಿ 12ನ್ನು ಹೊರಚೆಲ್ಲಬೇಕು. ಇದು ದೊಡ್ಡ ಆಸೆ ಎಂಬುದು ಗೊತ್ತಿರಲಿ. 1965ರಲ್ಲಿ ಅಮೆರಿಕ ಹಾರಿಸಿದ ಸ್ನ್ಯಾಪ್-10ಎ ರಿಯಾಕ್ಟರ್ ಕೊಟ್ಟದ್ದು ಬರೀ 500 ವ್ಯಾಟ್ ಚಿಲ್ಲರೆ.

ಯಾವ ರೇಡಿಯೇಟರ್ ದೊಡ್ಡದು? 12 ಮೆಗಾವ್ಯಾಟ್ ರಿಯಾಕ್ಟರಿನದೋ, 3 ಮೆಗಾವ್ಯಾಟ್ ಲೇಸರಿನದೋ? ಅಕ್ಕನ ಮಗಳು ರಿಯಾಕ್ಟರಿನದು ಎಂದಳು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ರಿಯಾಕ್ಟರ್ ಬಿಸಿಯಾಗಿಯೇ ಓಡುವ ಯಂತ್ರ. ಒಳಗೆ 1,500 ಕೆಲ್ವಿನ್ ಇದ್ದರೆ ರೇಡಿಯೇಟರನ್ನು 1,000 ಕೆಲ್ವಿನ್‌ನಲ್ಲಿ ಇಡಬಹುದು. ಕಮ್ಮಾರನ ಕುಲುಮೆಯಲ್ಲಿ ಕೆಂಪಗಾದ ಕಬ್ಬಿಣದಷ್ಟು ಬಿಸಿ. ಹಲಗೆಯ ಎರಡೂ ಮುಖ ಝಳ ಬಿಡುತ್ತವೆ. ನಿಯಮ ಹೇಳುವುದರ ನೂರಕ್ಕೆ 90ರಷ್ಟು ಝಳ ಮಾತ್ರ ಬಿಡುತ್ತವೆ ಅಂತ ಹಿಡಿದು ಲೆಕ್ಕ ಹಾಕಿದರೆ ಸುಮಾರು 118 ಚದರ ಮೀಟರ್ ಸಾಕು. ಅಂದರೆ ಮೂವತ್ತು-ನಲವತ್ತರ ಒಂದು ಸೈಟಿಗಿಂತ ಚೂರು ಜಾಸ್ತಿ.

ಲೇಸರ್ ಹಾಗಲ್ಲ. ಅದು ತಣ್ಣಗಿರಬೇಕು, ಇಲ್ಲದಿದ್ದರೆ ಕೆಡುತ್ತದೆ. ಅದರ ರೇಡಿಯೇಟರ್ 350 ಕೆಲ್ವಿನ್ ಇರಲಿ, ಅಂದರೆ 77 ಡಿಗ್ರಿ. ಆಗ ಬೇಕಾಗುವ ಜಾಗ ಸುಮಾರು 2,000 ಚದರ ಮೀಟರ್. ಇಪ್ಪತ್ತು ಗುಂಟೆ! ಕಾಲು ಭಾಗ ಬಿಸಿಗೆ ಹದಿನೇಳು ಪಟ್ಟು ಜಾಗ. ಚದರ ಮೀಟರಿಗೆ 5 ಕೆ.ಜಿ. ಅಂತ ಹಿಡಿದರೂ 10 ಟನ್ ಆಯಿತು, ನಮ್ಮ ಖಾಲಿ ನೌಕೆಯ ಕಾಲು ಭಾಗ. ಆಟದಲ್ಲಿ ಲೇಸರ್ ಇಡುವ ಮುಂಚೆ "ಇದು ಎಷ್ಟು ಡಿಗ್ರಿಯಲ್ಲಿ ಓಡುತ್ತೆ?" ಅಂತ ಕೇಳಿಕೊಳ್ಳಿ. ಎಷ್ಟು ಮೆಗಾವ್ಯಾಟ್ ಅನ್ನುವುದು ಎರಡನೇ ಪ್ರಶ್ನೆ.

ಇಪ್ಪತ್ತು ಗುಂಟೆಯಿಂದ ಪಾರಾಗಲು ನಮ್ಮ ಮನೆಗಳಲ್ಲೇ ಇರುವ ಉಪಾಯ ಒಂದಿದೆ, ಮಣ್ಣಿನ ಗಡಿಗೆ. ಗಡಿಗೆಯ ಮೈಯಿಂದ ನೀರು ಆವಿಯಾಗುವಾಗ ಬಿಸಿಯನ್ನು ಜೊತೆಗೇ ಒಯ್ಯುತ್ತದೆ. ಅಪೊಲೊ ಗಗನಯಾತ್ರಿಗಳ ಉಡುಪೂ ಹೀಗೇ ತಣ್ಣಗಾಗುತ್ತಿತ್ತು, ನೀರು ಮಂಜುಗಡ್ಡೆಯಾಗಿ ನೇರ ಆವಿಯಾಗಿ ಹೊರಹೋಗುತ್ತಿತ್ತು. ಒಂದು ಕೆ.ಜಿ. ನೀರು ಆವಿಯಾದರೆ ಸುಮಾರು 2.4 ಮೆಗಾಜೂಲ್ ಹೋಗುತ್ತದೆ. 3 ಮೆಗಾವ್ಯಾಟಿಗೆ ಸೆಕೆಂಡಿಗೆ ಒಂದೂಕಾಲು ಲೀಟರ್. ನೂರು ಸೆಕೆಂಡ್ ಗುಂಡಿ ಒತ್ತಿ ಹಿಡಿದರೆ 125 ಲೀಟರ್, ಎಂಟು ಕೊಡ ನೀರು. 10 ಟನ್ ರೇಡಿಯೇಟರಿನ ಬದಲು 2 ಟನ್ ನೀರು ಹೊತ್ತರೆ ಇಡೀ ಯುದ್ಧದಲ್ಲಿ ಸುಮಾರು 1,600 ಸೆಕೆಂಡ್ ಲೇಸರ್ ಹೊಡೆಯಬಹುದು. ಅಲ್ಲಿಗೆ ಮುಗಿಯಿತು, ನೀರು ಖಾಲಿ. ನನಗೆ ಈ ಆಯ್ಕೆ ಇಷ್ಟ. ಲೇಸರಿಗೂ ಮದ್ದುಗುಂಡಿನ ಹಾಗೆ ಲೆಕ್ಕ ಬರುತ್ತದೆ, ಆಟಗಾರ ಯೋಚಿಸಿ ಹೊಡೆಯುತ್ತಾನೆ. ಆವಿ ಬಿಡುವ ತೂತುಗಳನ್ನು ಎದುರುಬದುರು ಎರಡು ಕಡೆ ಇಡಿ. ಒಂದೇ ಕಡೆ ಇಟ್ಟರೆ ನೌಕೆ ಮೆಲ್ಲಗೆ ತಿರುಗಲು ಶುರುಮಾಡುತ್ತದೆ.

ಮುಖ್ಯ ಎಂಜಿನ್ನಿನ ಬಿಸಿ ಏನಾಯಿತು? 250 ಕಿಲೋನ್ಯೂಟನ್ ತಳ್ಳುಬಲದ ನಮ್ಮ ಎಂಜಿನ್ನಿನ ಶಕ್ತಿ ಸುಮಾರು 1,000 ಮೆಗಾವ್ಯಾಟ್. ರಾಯಚೂರಿನ ಶಕ್ತಿನಗರದ ಇಡೀ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್ ಅಂದರೆ ಅಂದಾಜು ಸಿಗುತ್ತದೆ. ಶಕ್ತಿನಗರಕ್ಕೆ ತಣ್ಣಗಾಗಲು ಕೃಷ್ಣಾ ನದಿ ಇದೆ. ನಮ್ಮ ಎಂಜಿನ್ನಿಗೆ ಹೈಡ್ರೋಜನ್ನೇ ನದಿ. ಬಿಸಿಯನ್ನೆಲ್ಲಾ ಹೊತ್ತು ಅದು ಹಿಂದಿನಿಂದ ಹೊರಟುಹೋಗುತ್ತದೆ, ರೇಡಿಯೇಟರ್ ಬೇಡ. ಆದರೆ ಎಂಜಿನ್ ಆಫ್ ಮಾಡಿದ ಕೂಡಲೇ ರಿಯಾಕ್ಟರ್ ತಣ್ಣಗಾಗುವುದಿಲ್ಲ. ಮೊದಲ ಕ್ಷಣಗಳಲ್ಲಿ ನೂರಕ್ಕೆ ಐದಾರು ಭಾಗ ಬಿಸಿ ಬರುತ್ತಲೇ ಇರುತ್ತದೆ, ಆಮೇಲೆ ನಿಧಾನ ಇಳಿಯುತ್ತದೆ. ಅಷ್ಟು ಹೊತ್ತು ಸ್ವಲ್ಪ ಹೈಡ್ರೋಜನ್ ಹರಿಸುತ್ತಿರಬೇಕು. ಇಂಧನದ ಲೆಕ್ಕದಲ್ಲಿ ಇದಕ್ಕೂ ಒಂದು ಪಾಲು ತೆಗೆದಿಡಿ.

4. ಆಕಾರ ತಾನಾಗಿ ಬರುತ್ತದೆ

ರಿಯಾಕ್ಟರನ್ನು ಒಂದು ತುದಿಗೆ, ಜನರನ್ನು ಇನ್ನೊಂದು ತುದಿಗೆ ಇಡಿ. ನಡುವೆ ಟ್ಯಾಂಕ್. ರಿಯಾಕ್ಟರಿನ ಸುತ್ತಲೂ ವಿಕಿರಣ ತಡೆಯುವ ಗೋಡೆ ಕಟ್ಟಿದರೆ ತೂಕ ತಡೆಯಲಾಗುವುದಿಲ್ಲ. ಹಾಗಾಗಿ ಜನರ ಕಡೆಗೆ ಮಾತ್ರ ಒಂದು ದಪ್ಪ ತಟ್ಟೆ ಇಡುತ್ತಾರೆ. ಛತ್ರಿಯ ನೆರಳಿನ ಹಾಗೆ ಅದರ ಹಿಂದೆ ಶಂಕುವಿನಾಕಾರದ ಸುರಕ್ಷಿತ ಜಾಗ ಸಿಗುತ್ತದೆ. ರೇಡಿಯೇಟರುಗಳೂ ಆ ನೆರಳಿನೊಳಗೇ ಇರಬೇಕು. ಹೊರಗೆ ಚಾಚಿದರೆ ವಿಕಿರಣ ಅವುಗಳಿಗೆ ಬಡಿದು ಜನರ ಕಡೆ ಚದುರುತ್ತದೆ. ಅದಕ್ಕೇ ರಿಯಾಕ್ಟರ್ ಹತ್ತಿರ ಕಿರಿದು, ದೂರಕ್ಕೆ ಹೋದ ಹಾಗೆ ಅಗಲ, ಹೀಗೆ ತ್ರಿಕೋನದ ರೇಡಿಯೇಟರ್ ಬರೆಯಿರಿ.

ಎರಡೇ ರೆಕ್ಕೆ, ಒಂದೇ ಸಮತಲದಲ್ಲಿ ಇರಲಿ. ನಾಲ್ಕು ಇಟ್ಟರೆ ಒಂದರ ಝಳ ಇನ್ನೊಂದಕ್ಕೆ ಬಡಿಯುತ್ತದೆ, ದುಡ್ಡು ದಂಡ.

5. ಆಯುಧ, ಕವಚ

ಲೇಸರ್ ಕಿರಣ ದೂರ ಹೋದ ಹಾಗೆ ಹರಡುತ್ತದೆ. ಚುಕ್ಕೆಯ ಅಗಲ ತಿಳಿಯಲು ಬೆಳಕಿನ ತರಂಗದ ಉದ್ದವನ್ನು ದೂರದಿಂದ ಗುಣಿಸಿ, ಕನ್ನಡಿಯ ಅಗಲದಿಂದ ಭಾಗಿಸಿ, 2.44ರಿಂದ ಗುಣಿಸಿ. 1 ಮೀಟರ್ ಕನ್ನಡಿ, 1 ಮೈಕ್ರೋಮೀಟರ್ ತರಂಗ ಇದ್ದರೆ 500 ಕಿ.ಮೀ. ದೂರದಲ್ಲಿ ಚುಕ್ಕೆ 1.2 ಮೀಟರ್. ಬಿಸಿಲಿನ ಐನೂರು ಪಟ್ಟಿಗೂ ಜಾಸ್ತಿ ಪ್ರಖರ. ಶತ್ರುವಿನ ಕ್ಯಾಮೆರಾ, ಸೋಲಾರ್ ಹಲಗೆ ಕೆಡಿಸಲು ಅಷ್ಟು ಸಾಕು. ದಪ್ಪ ಲೋಹ ಕೊರೆಯಬೇಕಾದರೆ 50 ಕಿ.ಮೀ.ಗೆ ಬನ್ನಿ, ಚುಕ್ಕೆ 12 ಸೆಂಟಿಮೀಟರಿಗೆ ಇಳಿದು ನೂರು ಪಟ್ಟು ತೀಕ್ಷ್ಣವಾಗುತ್ತದೆ. ಆಟದಲ್ಲಿ ಲೇಸರಿಗೆ "ರೇಂಜ್ ಇಷ್ಟು" ಅಂತ ಒಂದೇ ಸಂಖ್ಯೆ ಕೊಡಬೇಡಿ. ದೂರ ಹೆಚ್ಚಿದ ಹಾಗೆ ಅದು ಮೊಂಡಾಗುತ್ತಾ ಹೋಗಲಿ.

ಗುಂಡಿನ ಬಲ ಇರುವುದು ಅದರ ವೇಗದಲ್ಲಿ. ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಬಡಿಯುವ ಒಂದು ಕೆ.ಜಿ. ಕಬ್ಬಿಣಕ್ಕೆ 4.5 ಮೆಗಾಜೂಲ್ ಶಕ್ತಿ ಇರುತ್ತದೆ, ಒಂದು ಕೆ.ಜಿ. ಟಿಎನ್‌ಟಿ ಸಿಡಿಮದ್ದಿಗಿಂತ ಚೂರು ಜಾಸ್ತಿ. ಅಂಥ ಗುಂಡಿಗೆ ಸಿಡಿಮದ್ದು ತುಂಬಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಗುಂಡು ಹಾರಿಸಿದಾಗ ನೌಕೆಗೂ ಒದೆ ಬೀಳುತ್ತದೆ. 60 ಟನ್ ನೌಕೆಯಿಂದ ಇದೇ ಗುಂಡು ಹೊರಟರೆ ನೌಕೆ ಸೆಕೆಂಡಿಗೆ 5 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಹಾಗಾಗಿ ನಳಿಗೆ ನೌಕೆಯ ತೂಕದ ನಡುಗೆರೆಯ ಮೇಲೇ ಇರಲಿ, ಪಕ್ಕಕ್ಕಿದ್ದರೆ ನೌಕೆ ಸುತ್ತುತ್ತದೆ. ಸೋವಿಯತ್ ಒಕ್ಕೂಟದ ಸಲ್ಯೂಟ್-3 ನಿಲ್ದಾಣದಲ್ಲಿ ನಿಜವಾಗಿ ಒಂದು ಫಿರಂಗಿ ಇತ್ತು. 1975ರಲ್ಲಿ, ಒಳಗೆ ಯಾರೂ ಇಲ್ಲದ ಹೊತ್ತಿನಲ್ಲಿ, ಅದನ್ನು ಹಾರಿಸಿ ನೋಡಿದ್ದರು.

ಗುರಿ ತಪ್ಪಿದ ಗುಂಡು, ಒಡೆದ ನೌಕೆಯ ಚೂರು ಎಲ್ಲವೂ ಕಕ್ಷೆಯಲ್ಲೇ ಸುತ್ತುತ್ತಿರುತ್ತವೆ. 2019ರ ಮಾರ್ಚ್ 27ರಂದು ಭಾರತ ಮಿಷನ್ ಶಕ್ತಿಯಲ್ಲಿ ತನ್ನದೇ ಉಪಗ್ರಹವನ್ನು ಹೊಡೆದಾಗ 300 ಕಿ.ಮೀ.ಗಿಂತ ಕೆಳಗಿನ ಎತ್ತರ ಆರಿಸಿಕೊಂಡದ್ದು ಚೂರುಗಳು ಬೇಗ ಕೆಳಗೆ ಬೀಳಲಿ ಅಂತಲೇ. ನಿಮ್ಮ ಆಟದಲ್ಲೂ ಚೂರುಗಳು ಮಾಯವಾಗದಿರಲಿ.

ಕವಚ ಅಂದರೆ ದಪ್ಪ ಉಕ್ಕು ಅಂದುಕೊಳ್ಳುತ್ತೇವೆ. ಫ್ರೆಡ್ ವಿಪಲ್ ಎಂಬ ಖಗೋಳ ವಿಜ್ಞಾನಿ 1940ರ ದಶಕದಲ್ಲಿ ಹೇಳಿದ ದಾರಿ ಬೇರೆ. ಹೊರಗೆ ಒಂದು ತೆಳು ತಗಡು, ಒಂದಷ್ಟು ಖಾಲಿ ಜಾಗ, ಆಮೇಲೆ ನೌಕೆಯ ಗೋಡೆ. ವೇಗದ ಕಣ ತಗಡಿಗೆ ಬಡಿದು ತಾನೇ ಪುಡಿಯಾಗಿ ಹರಡಿ, ಗೋಡೆಗೆ ಮಂಡಕ್ಕಿ ಎರಚಿದ ಹಾಗೆ ಬೀಳುತ್ತದೆ. ಸಣ್ಣ ಕಣಗಳಿಗೆ ಇದು ಬಹಳ ಒಳ್ಳೆಯದು. ಒಂದು ಕೆ.ಜಿ. ಗುಂಡಿಗೆ ತಪ್ಪಿಸಿಕೊಳ್ಳುವುದೊಂದೇ ದಾರಿ.

6. ಅಡಗುವುದು, ತಿರುಗುವುದು

ಅಡಗುವ ಆಸೆ ಬಿಡಿ. ಹಿನ್ನೆಲೆಯ ಆಕಾಶ 2.7 ಕೆಲ್ವಿನ್, ನಿಮ್ಮ ರೆಕ್ಕೆ 1,000. ರಾತ್ರಿ ಹೊಲದ ನಡುವೆ ಕುಲುಮೆ ಹಚ್ಚಿಟ್ಟ ಹಾಗೆ ಕಾಣುತ್ತದೆ. ಚಂದ್ರನ ಮರೆಗೆ ಹೋದರೆ ಮಾತ್ರ ಕಾಣುವುದಿಲ್ಲ.

ವಿಮಾನದ ಹಾಗೆ ವಾಲಿ ತಿರುಗುವುದೂ ಇಲ್ಲ. ಮೂತಿ ತಿರುಗಿದರೂ ನೌಕೆ ಮೊದಲಿನ ದಿಕ್ಕಿನಲ್ಲೇ ಸಾಗುತ್ತಿರುತ್ತದೆ. 60 ಟನ್ ತೂಕ, 50 ಮೀಟರ್ ಉದ್ದದ ನೌಕೆಗೆ ಎರಡು ತುದಿಯಲ್ಲಿ 1,000 ನ್ಯೂಟನ್ನಿನ ಒಂದೊಂದು ಪುಟ್ಟ ಎಂಜಿನ್ ಇದ್ದರೆ, ಪೂರ್ತಿ ಹಿಂದೆ ತಿರುಗಿ ನಿಲ್ಲಲು ಸುಮಾರು ಒಂದು ನಿಮಿಷ ಬೇಕು. ಆಟದಲ್ಲಿ ಅಷ್ಟು ಹೊತ್ತನ್ನು ಕೊಟ್ಟೇ ಕೊಡಿ.

7. ಓಡಿಸುವ ಮುಂಚೆ ರಟ್ಟಿನಲ್ಲಿ ಮಾಡಿ ನೋಡಿ

ಕಂಪ್ಯೂಟರಿಗೆ ಹಾಕುವ ಮೊದಲು ಒಂದು ಪೆನ್ಸಿಲ್‌ಗೆ ರಟ್ಟಿನ ಎರಡು ತ್ರಿಕೋನ ಅಂಟಿಸಿ. ಪೆನ್ಸಿಲ್ ನೌಕೆ, ತ್ರಿಕೋನ ರೇಡಿಯೇಟರ್. ನಾವು ಮಾಳಿಗೆಗೆ ಒಯ್ದಿದ್ದ ಅದೇ ರಟ್ಟನ್ನು ಕತ್ತರಿಸಿದೆವು.

ಕೋಣೆಯ ದೀಪ ಆರಿಸಿ, ಮೇಜಿನ ಮೇಲೆ ಒಂದು ಟಾರ್ಚ್ ಇಟ್ಟೆವು. ಅದು ಸೂರ್ಯ. ಲೇಸರಿನ ತಣ್ಣನೆಯ ರೇಡಿಯೇಟರ್ ಇಟ್ಟುಕೊಂಡರೆ ಅದರ ಅಗಲ ಮುಖಕ್ಕೆ ಬಿಸಿಲು ಬೀಳಬಾರದು, ಚದರ ಮೀಟರಿಗೆ 1,361 ವ್ಯಾಟ್ ಬಿಸಿಲು ಅದರ ಕೆಲಸ ಕೆಡಿಸುತ್ತದೆ. ಶತ್ರುವಿಗೂ ಅಗಲ ಮುಖ ತೋರಬಾರದು, ಅವನ ಲೇಸರಿಗೆ ಅದಕ್ಕಿಂತ ಸುಲಭದ ಗುರಿ ಇಲ್ಲ. ನಾನು ಶತ್ರುವಾಗಿ ಗೋಡೆಗೆ ಒರಗಿ ಕೂತೆ. ಅಕ್ಕನ ಮಗಳು ಪೆನ್ಸಿಲಿನ ಮೂತಿಯನ್ನು ನನ್ನ ಕಡೆ ಹಿಡಿದಳು. ತ್ರಿಕೋನಗಳು ನನಗೆ ಬರೀ ಗೆರೆಯಾಗಿ ಕಂಡವು. ಆಮೇಲೆ ಮೂತಿ ಕದಲಿಸದೆ ಪೆನ್ಸಿಲನ್ನು ಬೆರಳಲ್ಲಿ ಹೊರಳಿಸುತ್ತಾ ಹೋದಳು. ಒಂದು ಕಡೆ ಟಾರ್ಚಿನ ಬೆಳಕಿಗೂ ರಟ್ಟಿನ ಅಂಚಷ್ಟೇ ಸಿಕ್ಕಿತು. ನಾನು ಕೋಣೆಯ ನಾಲ್ಕು ಮೂಲೆಗೂ ಜಾಗ ಬದಲಿಸಿದೆ. ಪ್ರತಿ ಸಲವೂ ಅವಳಿಗೆ ಅಂಥ ಒಂದು ಕೋನ ಸಿಕ್ಕಿತು. ಸೂರ್ಯ ಒಂದು, ಶತ್ರು ಒಂದು ಇದ್ದರೆ ಸಿಕ್ಕೇ ಸಿಗುತ್ತದೆ.

ಅಷ್ಟರಲ್ಲಿ ಅವಳ ತಮ್ಮ ಒಳಗೆ ಬಂದು ಮಂಚ ಹತ್ತಿ ನಿಂತ. "ನಾನೂ ಶತ್ರು" ಎಂದ. ಅವಳು ಪೆನ್ಸಿಲನ್ನು ಹೊರಳಿಸಿದಳು, ಮತ್ತೆ ಹೊರಳಿಸಿದಳು. ನನಗೂ ಟಾರ್ಚಿಗೂ ಅಂಚು ತೋರಿದರೆ ಅವನಿಗೆ ಅಗಲ ಕಾಣುತ್ತಿತ್ತು. ಇಬ್ಬರಿಗೂ ಅಂಚು ತೋರಿದರೆ ಟಾರ್ಚಿನ ಬೆಳಕು ರಟ್ಟಿನ ಮೇಲೆ ಪೂರ್ತಿ ಬೀಳುತ್ತಿತ್ತು.

"ಮಾಮಾ, ರೆಕ್ಕೆ ಮಡಚಿಕೊಂಡ್ರೆ?" ಎಂದಳು.

"ಮಡಚಿದ್ರೆ ಬಿಸಿ ಎಲ್ಲಿ ಹೋಗುತ್ತೆ?"

ನೋಟ್‌ಬುಕ್ ಎಳೆದುಕೊಂಡು, ಎಷ್ಟು ಕೊಡ ನೀರಿದ್ದರೆ ಎಷ್ಟು ನಿಮಿಷ ರೆಕ್ಕೆ ಮಡಚಿಕೊಂಡಿರಬಹುದು ಅಂತ ಲೆಕ್ಕ ಹಾಕಲು ಕೂತಳು.